ಹಳೇ ಗುಡಿಗೆ ಸುಣ್ಣ ಹೊಡೆದ ಬೆಳಿಗ್ಗೆ

ಮೂರು ವರ್ಷಗಳ ಹಿಂದಿನ ಫೆಬ್ರವರಿಯ ಕೊನೆಯ ಭಾನುವಾರ, ಬೆಳಗಿನ ಒಂಬತ್ತು ಗಂಟೆ ದಾಟಿದ ಹೊತ್ತಿಗೆ, ನಾನು ಹಳೇ ಗುಡಿಯ ನಂದಿಯ ಎಡಗಡೆ, ಹೊಳೆಗೆ ಇಳಿಯುವ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲಿನದರ ಮೇಲೆ ನಿಂತಿದ್ದೆ. ಅಲ್ಲಿ ನಿಂತರೆ ಬಲಕ್ಕೆ ಗುಡಿಯ ಬಾಗಿಲು ಕಾಣುತ್ತದೆ, ಎಡಕ್ಕೆ ಕೆಳಗಿನ ನೀರು ಕಾಣುತ್ತದೆ. ಎರಡೂ ಕಾಣುವ ಜಾಗ ಅದೊಂದೇ. ಬಿಸಿಲು ನನ್ನ ಬೆನ್ನಿಗಿತ್ತು. ಕಣ್ಣಿಗೆ ಯಾವ ಅಡ್ಡಿಯೂ ಇರಲಿಲ್ಲ. ನನ್ನ ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು.

ಗುಡಿ ಇರುವುದು ದಿಗ್ಗೇವಾಡಿಯಿಂದ ಕೃಷ್ಣೆಯ ದಂಡೆ ಹಿಡಿದು ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಅದು ನನ್ನ ತಾಯಿಯ ತವರು. ಊರಿನ ಹೆಸರು ಬರೆಯುವುದಿಲ್ಲ. ಗುಡಿ ಕರಿಕಲ್ಲಿನದು, ಶಿವನದು. ಸೋಮವಾರಕ್ಕೊಮ್ಮೆ ಒಬ್ಬರು ಬಂದು ದೀಪ ಹಚ್ಚಿ ಹೋಗುತ್ತಿದ್ದರು, ಅಷ್ಟೇ. ಒಳಮಂಟಪದಲ್ಲಿ, ಗರ್ಭಗುಡಿಯ ಬಾಗಿಲಿನ ಮೇಲೆ, ಒಂದು ಕಲ್ಲು ಹಿಂದಕ್ಕೆ ಸರಿದು ಗೂಡಿನಂಥ ಜಾಗ ಆಗಿದೆ. ನನ್ನ ತಾಯಿ ಚಿಕ್ಕವಳಿದ್ದಾಗಿನಿಂದಲೂ ಅಲ್ಲಿ ಮೀನುಗೂಬೆ ಇತ್ತಂತೆ. ನಾನು ನೋಡಿದ್ದೂ ಅದೇ ಜಾಗದಲ್ಲಿ. ದೊಡ್ಡ ಹಕ್ಕಿ, ಕಂದು ಮೈ, ತಲೆಯ ಎರಡು ಬದಿಗೆ ಕಿವಿಯಂತೆ ಎದ್ದ ಪುಕ್ಕ, ಹಳದಿ ಕಣ್ಣು. ಸಂಜೆ ಆದ ಮೇಲೆ ಹೊಳೆಯ ನಡುವಿನ ಬಂಡೆಯ ಮೇಲೆ ಕೂತು ಮೀನು ಹಿಡಿಯುತ್ತದೆ.

ನನ್ನ ಜತೆ ಇಬ್ಬರು ಅತಿಥಿಗಳಿದ್ದರು. ಹಾಲೆಂಡಿನ ಗೆಳೆಯ ಒಬ್ಬ, ಇನ್ನೊಬ್ಬರು ಅವನ ಹೆಂಡತಿ. ನಾನು ನಿಪ್ಪಾಣಿಯಲ್ಲಿ ಇತಿಹಾಸದ ಮಾಸ್ತರನಾಗಿದ್ದ ಕಾಲದಲ್ಲಿ, ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸ ಕಲಿಯಲೆಂದು ಒಂದು ವರ್ಷ ಅವರ ದೇಶಕ್ಕೆ ಹೋಗಿದ್ದೆ. ಇವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೆಳೆಯ ಆಗ ದನದ ಡಾಕ್ಟರ್ ಆಗಿದ್ದ. ಭಾನುವಾರ ಬಂದರೆ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದೊಂದು ಹಳೆಯ ಇಗರ್ಜಿಗೆ ಒಯ್ಯುತ್ತಿದ್ದ. ನನಗೆ ಕಲ್ಲು ತೋರಿಸುತ್ತಿದ್ದ, ತಾನು ಹಕ್ಕಿ ನೋಡುತ್ತಿದ್ದ. ಒಂದು ಇಗರ್ಜಿಯ ಗೋಪುರದಲ್ಲಿ, ಗಂಟೆಯ ಪಕ್ಕದಲ್ಲೇ, ಗೂಬೆ ಮರಿ ಮಾಡಿತ್ತು. ಏಣಿ ಹತ್ತುವ ಮುಂಚೆ ನನ್ನ ಬೂಟು ಬಿಚ್ಚಿಸಿದ. ದೇವರ ಮನೆ ಎಂದು ಬಿಚ್ಚಿಸುತ್ತಿದ್ದಾನೆ ಅಂದುಕೊಂಡೆ. ಅಲ್ಲ, ಮರಿ ಬೆಚ್ಚಬಾರದು ಎಂದು. ಅವತ್ತು ನಾನು ಅವನಿಗೆ ನನ್ನ ತಾಯಿಯ ಊರಿನ ಮೀನುಗೂಬೆಯ ವಿಷಯ ಹೇಳಿದೆ. ಅವನು ಅದನ್ನು ಮರೆಯಲಿಲ್ಲ. ಪ್ರತಿ ಹೊಸವರ್ಷಕ್ಕೆ ಫೋನ್ ಮಾಡಿದಾಗ ನನ್ನ ಮನೆಯವರ ಕ್ಷೇಮದ ಜತೆ ಅದರ ಕ್ಷೇಮವನ್ನೂ ಕೇಳುತ್ತಿದ್ದ. ಕೆಲಸದಿಂದ ನಿವೃತ್ತನಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದ. ಅವನಿಗೆ ನಮ್ಮ ನಾಡಿನಲ್ಲಿ ಆ ಗೂಬೆ ಬಿಟ್ಟು ನೋಡಬೇಕಾದದ್ದು ಬೇರೆ ಏನೂ ಇರಲಿಲ್ಲ. ನೋಡಿದ್ದೆಲ್ಲ ನಾನು ತೋರಿಸಿದೆ ಎಂಬ ಕಾರಣಕ್ಕೆ.

ಅವರು ಬರುವ ತಿಂಗಳ ಮುಂಚೆ ನಾನು ಚಿಕ್ಕೋಡಿಯಿಂದ ಆ ಊರಿಗೆ ಹೋಗಿ ಬಂದಿದ್ದೆ. ಗೂಬೆ ಮೊಟ್ಟೆಯ ಮೇಲೆ ಕೂತಿತ್ತು. ಅಲ್ಲಿಂದ ನೇರವಾಗಿ ನನ್ನ ಸೋದರಮಾವನ ಮನೆಗೆ ಹೋದೆ. ಗುಡಿಯ ವಹಿವಾಟು ಅವರ ಕೈಯಲ್ಲೇ ಇತ್ತು, ಗುಡಿಯ ಸುತ್ತಲಿನ ಕಬ್ಬೂ ಅವರದೇ.

ಮಾಮಾನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಯಾರಿಗೂ ಇಲ್ಲ ಅಂದವರಲ್ಲ. ರಾಯಬಾಗದಿಂದ ಅಥಣಿಯವರೆಗೆ ಅವರನ್ನು ಬಲ್ಲವರೆಲ್ಲ ಇದನ್ನು ಹೇಳುತ್ತಿದ್ದರು, ಹೊಗಳಿಕೆಯಾಗಿ. ಮುಖದ ಮುಂದೆ ಇಲ್ಲ ಅನ್ನುವುದು ಹೀನ ಮನೆತನದ ಗುರುತು ಎಂದು ಅವರ ತಂದೆ ಕಲಿಸಿದ್ದರು. ಬಿತ್ತುವ ಹೊತ್ತಿನಲ್ಲಿ ಯಾರಾದರೂ ಎತ್ತು ಕೇಳಿದರೆ "ಒಯ್ಯಿರಿ" ಅನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಅವನು ಬಂದಾಗ ಎತ್ತು ಕೊಟ್ಟಿಗೆಯಲ್ಲಿ ಇರುತ್ತಿರಲಿಲ್ಲ, ಮಗಳ ಊರಿಗೆ ಹೋಗಿರುತ್ತಿತ್ತು. ಕೇಳಿದವನಿಗೂ ಬೇಸರ ಇಲ್ಲ. ಚಹಾ ಕುಡಿದು ತಿರುಗಿ ಹೋಗುತ್ತಿದ್ದ. ಅಲ್ಲಿಯವರಿಗೆ ಆ ಹೂಂ ಯಾವ ಹೂಂ ಎಂಬುದು ಧ್ವನಿಯಲ್ಲೇ ತಿಳಿಯುತ್ತಿತ್ತು. ನಾನು ಓದು, ನೌಕರಿ ಅಂತ ಊರಿಂದ ದೂರ ಉಳಿದವನು. ನನಗೆ ಕೆಲವು ಸಲ ತಿಳಿಯುತ್ತಿತ್ತು, ಕೆಲವು ಸಲ ಇಲ್ಲ.

"ಮಾಮಾ, ಗುಡಿಯಾಗ ಗೂಬಿ ತತ್ತಿ ಇಟ್ಟೈತ್ರಿ. ಪಾವಣೇರು ಬರೂ ಹೊತ್ತಿಗೆ ಮರಿ ಆಗಿರತೈತಿ. ಅವರು ಬರಾಕತ್ತಿದ್ದ ಅದನ್ನ ನೋಡಾಕರಿ. ಅಲ್ಲಿ ಯಾರೂ ಕೈ ಹಚ್ಚಬಾರದು" ಅಂದೆ.

ಮಾಮಾ ಎಲೆಗೆ ಸುಣ್ಣ ಸವರುತ್ತ ಕೇಳಿದರು. "ಏ ಮಾಸ್ತರ, ಅವರ ದೇಶದಾಗ ಗೂಬಿ ಎಲ್ಲಾ ಸತ್ತ ಹೋದ್ವೇನ? ಇಮಾನ ಹತ್ತಿ ಗೂಬಿ ಮಾರಿ ನೋಡಾಕ ಬರ್ತಾರಂತ."

"ಅಲ್ಲಿ ಮೀನ ತಿನ್ನೂ ಗೂಬಿ ಇಲ್ರಿ."

ಅಡಿಗೆಮನೆಯ ಬಾಗಿಲಿನಲ್ಲಿ ಮಾಮಾನ ಸೊಸೆ ನಿಂತಿದ್ದಳು. ನನಗಷ್ಟೇ ಕೇಳುವ ಹಾಗೆ ಹೇಳಿದಳು: "ಮಾಸ್ತರ್ರ, ನಮ್ಮನಿಯವರನ್ನ ತೋರಸ್ರಿ. ರಾತ್ರೆಲ್ಲಾ ಹೊಳಿ ದಂಡಿ ಮ್ಯಾಲೆ ಕುಂತಿರ್ತಾರ, ಮೀನೂ ತಿಂತಾರ. ಪುಕಟ ಕೆಲಸ ಆಗತೈತಿ."

ನಾನು ನಕ್ಕೆ. ಮಾಮಾ ಎಲೆ ಮಡಚಿ ಬಾಯಿಗೆ ಇಟ್ಟುಕೊಂಡು ಅಂದರು: "ಹೂಂ, ಆತ ಬಿಡಪಾ. ಯಾರೂ ಕೈ ಹಚ್ಚೂದಿಲ್ಲ."

ಅತಿಥಿಗಳು ಬಂದರು. ನಾಲ್ಕೈದು ದಿನ ನಾನು ಅವರನ್ನು ಸುತ್ತಾಡಿಸಿದೆ. ಶೇಡಬಾಳದ ಹಳೆಯ ಬಸದಿಯಲ್ಲಿ ಗೆಳೆಯ ನೆಲದ ಮೇಲೆ ಕೂತು ಕಂಬದ ಕೆತ್ತನೆ ನೋಡುತ್ತ ಬಹಳ ಹೊತ್ತು ಕಳೆದ. ಕರೋಶಿಯ ದಾರಿಯ ತಂತಿಯ ಮೇಲೆ ಕೂತ ನೀಲಕಂಠವನ್ನು ಅವನ ಹೆಂಡತಿಯೇ ಮೊದಲು ಕಂಡರು. ಕಾಗವಾಡದ ಕಡೆ ಜೋಳದ ಹೊಲಗಳ ಮೇಲೆ ಸಂಜೆ ಕಬ್ಬಕ್ಕಿಗಳ ಹಿಂಡು ಎದ್ದು ಹೊಗೆಯ ಹಾಗೆ ತಿರುಗಿತು. ಗೆಳೆಯ ದುರ್ಬೀನು ಕೆಳಗಿಟ್ಟು ಬರಿಗಣ್ಣಿನಿಂದ ನೋಡಿದ. ಅಥಣಿಯಲ್ಲಿ ಇಬ್ಬರೂ ಚಪ್ಪಲಿ ಕೊಂಡರು. ಅವನದು ಕಾಲು ಕಚ್ಚಿತು, ಆದರೂ ಬಿಡಲಿಲ್ಲ. ದಿನವೂ ಮಲಗುವ ಮುಂಚೆ ಕೇಳುತ್ತಿದ್ದ, ಭಾನುವಾರ ಖಚಿತವೇ ಎಂದು. ಖಚಿತ ಎಂದು ನಾನು ಹೇಳುತ್ತಿದ್ದೆ.

ಭಾನುವಾರ ನಾವು ಮಧ್ಯಾಹ್ನಕ್ಕೆ ಬರುತ್ತೇವೆ ಎಂದು ಮಾಮಾನಿಗೆ ತಿಳಿಸಿದ್ದೆ. ಗೆಳೆಯನಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆಯೇ ಹೊರಟೆವು.

ಕಬ್ಬಿನ ನಡುವಿನ ದಾರಿಯಲ್ಲಿ ಕಾರು ಇಳಿಯುವಾಗಲೇ ಟ್ರ್ಯಾಕ್ಟರಿನ ಸದ್ದು ಕೇಳಿತು. ಗುಡಿಯ ಮುಂದೆ ಪೆಂಡಾಲು ಹಾಕಿದ್ದರು. ಸನಾದಿ ಊದುವವರು, ಹಲಗಿ ಬಾರಿಸುವವರು ಕೂತಿದ್ದರು. ಮಂದಿ ಸೇರಿದ್ದರು, ಹೆಂಗಸರು ಹೊಸ ಸೀರೆ ಉಟ್ಟಿದ್ದರು. ಪೆಂಡಾಲಿನ ಹಿಂದೆ ಹೋಳಿಗೆಯ ವಾಸನೆ. ಗುಡಿ ಅರ್ಧ ಬೆಳ್ಳಗಾಗಿತ್ತು. ಕರಿಕಲ್ಲಿನ ಗೋಡೆ, ಶಿಖರದ ಕೆಳಭಾಗ, ಬಾಗಿಲಿನ ಕೆತ್ತನೆ ಎಲ್ಲದರ ಮೇಲೂ ಸುಣ್ಣ. ಟ್ರ್ಯಾಕ್ಟರಿಗೆ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಪಂಪು ಕಟ್ಟಿತ್ತು. ಅದರ ಉದ್ದ ಪೈಪು ಗುಡಿಯ ಬಾಗಿಲೊಳಗೆ ಹೋಗಿತ್ತು. ಒಳಗಿನಿಂದ ಬಿಳಿ ಮಂಜು ಹೊರಗೆ ಬರುತ್ತಿತ್ತು.

ನಾನು ಕಾರಿನಿಂದ ಇಳಿದು ಓಡಿದೆ. ಆ ಮೆಟ್ಟಿಲಿನವರೆಗೆ ಬಂದೆ. ಅಲ್ಲಿ ನಿಂತೆ, ಯಾಕೆಂದರೆ ಆ ಗಳಿಗೆಯಲ್ಲಿ ತಾಯಿಗೂಬೆ ಹೊರಗೆ ಬಂತು.

ಅದು ಬಾಗಿಲಿನಿಂದ ನೆಲದ ಮಟ್ಟದಲ್ಲಿ ಬಂತು. ಬಿಳಿಯಾಗಿತ್ತು. ರೆಕ್ಕೆ ಪೂರ್ತಿ ಬಿಚ್ಚಿತ್ತು, ಆದರೆ ಒದ್ದೆ ಬಟ್ಟೆ ಬೀಸಿದ ಹಾಗೆ ಬೀಸುತ್ತಿತ್ತು. ನಂದಿಯ ಬೆನ್ನಿಗೆ ಬಡಿಯಿತು. ಮತ್ತೆ ಎದ್ದಿತು. ನನ್ನ ಎದೆಯ ಮುಂದೆಯೇ ಹೊಳೆಯ ಕಡೆ ಹಾರಿತು. ನನ್ನ ಅಂಗಿಯ ಮೇಲೆ ಸುಣ್ಣದ ಹನಿ ಬಿದ್ದವು. ಕಾಗೆಗಳು ಎಲ್ಲಿದ್ದವೋ ಗೊತ್ತಿಲ್ಲ, ನೀರು ದಾಟುವ ಮುಂಚೆಯೇ ಬೆನ್ನು ಹತ್ತಿದವು. ಅದು ಆಚೆ ದಂಡೆಯ ಜಾಲಿಯ ಗುಂಪಿನ ಹಿಂದೆ ಬಿತ್ತೋ, ಇಳಿಯಿತೋ, ನಾನು ಹೇಳಲಾರೆ. ಕಾಗೆಗಳೂ ಅಲ್ಲಿಗೇ ಇಳಿದವು. ಗೆಳೆಯನ ಹೆಂಡತಿ ನನ್ನ ಪಕ್ಕಕ್ಕೆ ಬಂದು ನಿಂತು ದುರ್ಬೀನು ಹಿಡಿದು ಆ ಕಡೆಯೇ ನೋಡುತ್ತಿದ್ದರು.

ಗುಡಿಯೊಳಗಿನಿಂದ ಒಬ್ಬರು ಹೊರಬಂದರು. ಮುಖಕ್ಕೆ ಬಟ್ಟೆ ಕಟ್ಟಿದ್ದರು, ಕೈಯಲ್ಲಿ ಪಂಪಿನ ಗನ್ನು. ಬಟ್ಟೆ ಕೆಳಗೆಳೆದಾಗ ಗುರುತು ಹಿಡಿದೆ. ಶೇಡಬಾಳದ ದ್ರಾಕ್ಷಿಯ ಸಾವುಕಾರರು, ಜೈನರು, ಮಾಮಾನ ಹಳೆಯ ಸ್ನೇಹಿತರು. ಪಂಪು ಅವರದು. ಸ್ನೇಹಕ್ಕಾಗಿ ತಾವೇ ತಂದು ತಾವೇ ಹೊಡೆಯುತ್ತಿದ್ದರು. ಗನ್ನು ಅವರ ಕೈಯಿಂದ ಬಿತ್ತು. ಪೈಪು ಹಾವಿನ ಹಾಗೆ ಹೊರಳಾಡಿ ಪೆಂಡಾಲಿನ ಬಟ್ಟೆಗೆ ಸುಣ್ಣ ಹಾರಿಸಿತು. ಯಾರೋ ಹೋಗಿ ಟ್ರ್ಯಾಕ್ಟರು ನಿಲ್ಲಿಸಿದರು.

ಸದ್ದು ನಿಂತ ಮೇಲೆ ಮರಾಠಿ ಬೆರೆತ ಅವರ ಮಾತು ಎಲ್ಲರಿಗೂ ಕೇಳಿತು.

"ದಾದಾ, ನಾ ಕೇಳಿದ್ನೆಲ್ರಿ? ಆತ ಜೀವ ಆಹೇ ಕಾ ಅಂತ ಕೇಳಿದ್ನೆಲ್ಲ? ಒಳಗ ಏನಾರ ಜೀವ, ಪಾಖರು, ಹಕ್ಕಿ ಐತೇನ ನೋಡ್ರಿ ಮದಲ ಅಂದಿದ್ದೆ."

ಮಾಮಾ ಹೊಸ ಧೋತರ, ಹಳದಿ ರುಮಾಲು ತೊಟ್ಟು ಪೆಂಡಾಲಿನ ಕೆಳಗೆ ನಿಂತಿದ್ದರು. "ಗೂಬಿ ಅದ ಸಾವುಕಾರ. ಗೂಬಿ ಹೋದರ ಗುಡಿಗೆ ಚಲೋನ ಆತು" ಅಂದರು.

"ಏನೂ ಇಲ್ಲ ಹೊಡಿ ಅಂದ್ರೆಲ್ರಿ ನೀವು."

"ಹೂಂ. ಈಗ ಏನೂ ಇಲ್ಲಲ್ಲ."

ಸಾವುಕಾರರು ಅಲ್ಲೇ ಹೊಳೆಯ ಕಡೆಯ ಕಟ್ಟೆಯ ಮೇಲೆ ಕೂತರು. ಮುಂದೆ ಬಹಳ ಹೊತ್ತು ಅವರು ಏಳಲಿಲ್ಲ.

ನಾನು ಮಾಮಾನ ಹತ್ತಿರ ಹೋಗಿ, ಕೈ ಹಚ್ಚುವುದಿಲ್ಲ ಅಂದಿರಲ್ಲ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಸಣ್ಣದಾಗಿ ಕಂಡಿತು. "ಎಪ್ಪಾ, ಸಮುದ್ರದ ಆಚಿಂದ ಬಂದವರು. ಅವರಿಗೆ ಮದಲ ಗೂಬಿ ಮಾರಿ ತೋರಸ್ಲೇನ? ಹೇಲು, ಮೀನಿನ ಮುಳ್ಳು, ಬಾವಲಿ ವಾಸನಿ... ಅದರಾಗ ನಿಂದ್ರಸಿ ಶಾಲ ಹೊಚ್ಚಲೇನ? ಊರ ಮಂದಿ ಏನಂದಾರು? ಅವರು ಮರ್ಯಾದಿಗೆ ಗೂಬಿ ನೋಡ್ತೀವಿ ಅಂತಾರ, ನಾವು ಮರ್ಯಾದಿಗೆ ಹೂಂ ಅಂತೀವಿ. ಇಷ್ಟ ತಿಳೀದಿಲ್ಲೇನ ನಿನಗ?"

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವರು ಹದಿನೈದು ದಿನದಿಂದ ಇದೇ ಕೆಲಸದಲ್ಲಿದ್ದರು ಎಂದು ಆಮೇಲೆ ತಿಳಿಯಿತು. ತಮ್ಮ ಕೈಯಿಂದಲೇ ಖರ್ಚು ಮಾಡಿದ್ದರು.

ಅಷ್ಟರಲ್ಲಿ ಗೆಳೆಯ ಗುಡಿಯೊಳಗೆ ಹೋಗಿದ್ದ. ಹೊರಬಂದಾಗ ಅವನ ಎರಡೂ ಕೈಯಲ್ಲಿ ಮರಿ ಇತ್ತು.

ಒಂದೇ ಮರಿ. ಕೋಳಿಯಷ್ಟು ದೊಡ್ಡದು. ಮೈ ತುಂಬ ತುಪ್ಪಳ, ಆ ತುಪ್ಪಳ ಸುಣ್ಣದಿಂದ ಗಂಟು ಗಂಟಾಗಿ ಅಂಟಿಕೊಂಡಿತ್ತು. ಕಣ್ಣು ಎರಡೂ ಮುಚ್ಚಿದ್ದವು. ರೆಪ್ಪೆಯ ಮೇಲೆ ಸುಣ್ಣ ಒಣಗಿ ಸಿಪ್ಪೆಯ ಹಾಗೆ ಆಗಿತ್ತು. ಬಾಯಿ ತೆರೆದು ಕೊಕ್ಕಿನಿಂದ ಕಟಕಟ ಸದ್ದು ಮಾಡುತ್ತಿತ್ತು. ಗೆಳೆಯ ನೆಲದ ಮೇಲೆ ಕೂತ. ತನ್ನ ಅಂಗಿ ಬಿಚ್ಚಿ ಮರಿಯ ರೆಕ್ಕೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡ. ನನ್ನ ಕಡೆ ನೋಡದೆ ಹೇಳಿದ: ನೀರು ಬೇಕು. ಬಹಳ ನೀರು. ಈಗಲೇ. ಸುಣ್ಣ ಕಣ್ಣನ್ನು ಸುಡುತ್ತಲೇ ಇರುತ್ತದೆ, ತೊಳೆಯುವವರೆಗೆ ನಿಲ್ಲುವುದಿಲ್ಲ. ತೊಳೆದರೆ ಒಂದು ಕಣ್ಣಾದರೂ ಉಳಿಯುತ್ತದೆ. ಒಂದು ಕಣ್ಣು ಇದ್ದರೆ ಸಾಕಿ ದೊಡ್ಡದು ಮಾಡಬಹುದು.

ಮಾಮಾನ ಸೊಸೆ ಅತಿಥಿಗಳ ಕಾಲು ತೊಳೆಯಲೆಂದು ತಾಮ್ರದ ಕೊಡದಲ್ಲಿ ನೀರು ಹಿಡಿದು ನಿಂತಿದ್ದಳು. ನಾನು ಏನೂ ಹೇಳಬೇಕಾಗಲಿಲ್ಲ. ಅವಳು ಬಂದು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೊಡ ಬಾಗಿಸಿದಳು. ಅವನು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದ. ಅವಳು ಸಣ್ಣ ಧಾರೆ ಬಿಟ್ಟಳು. ನೀರು ಹಾಲಿನ ಹಾಗೆ ಹರಿದು ಅವನ ಹೊಸ ಚಪ್ಪಲಿಯ ಮೇಲೆ ಬಿತ್ತು. ಕೊಡ ಮುಗಿಯಿತು. ಅವಳು ಅಡಿಗೆಯ ಜಾಗದಿಂದ ಇನ್ನೊಂದು ತಂದಳು. ಆಮೇಲೆ ಇನ್ನೊಂದು.

ಸನಾದಿಯವರು ಏನು ಮಾಡಬೇಕೆಂದು ತಿಳಿಯದೆ ನುಡಿಸಲು ಸುರು ಮಾಡಿದರು. ಮಾಮಾನೇ ಕೈಯೆತ್ತಿ ನಿಲ್ಲಿಸಿದರು.

ಮರಿಯ ಬಲಗಣ್ಣು ತೆರೆಯಲಿಲ್ಲ. ಎಡಗಣ್ಣು ತೆರೆಯಿತು. ಇದನ್ನು ನಾನು ಹತ್ತಿರದಿಂದ ಬಗ್ಗಿ ನೋಡಿದ್ದೇನೆ. ಹಳದಿಯ ನಡುವೆ ಕಪ್ಪು ಪಾಪೆ ಇತ್ತು, ಸ್ವಲ್ಪ ಮಂಕಾಗಿತ್ತು. ಗೆಳೆಯ ಕೈ ಅಡ್ಡ ಹಿಡಿದು ತೆಗೆದ. ಪಾಪೆ ದೊಡ್ಡದಾಗಿ ಮತ್ತೆ ಸಣ್ಣದಾಯಿತು. "ಕಾಣುತ್ತದೆ" ಅಂದ. "ಇದಕ್ಕೆ ಬೆಳಕು ಕಾಣುತ್ತದೆ." ನನ್ನ ಮುಖ ನೋಡಿ ಮತ್ತೆ ಅದನ್ನೇ ಹೇಳಿದ. ನಾನು ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ಸಾವುಕಾರರು ಕೂತಲ್ಲೇ ಕೈ ಮುಗಿದರು.

ಇನ್ನೂ ಅರ್ಧ ಗಂಟೆ ತೊಳೆಯಬೇಕು, ಆಮೇಲೆ ಕತ್ತಲಿನ ಪೆಟ್ಟಿಗೆಯಲ್ಲಿ ಇಡಬೇಕು ಎಂದ ಗೆಳೆಯ. ಮಾಮಾ ಬಂದು ಬಗ್ಗಿ ನೋಡಿದರು. ಪೆಂಡಾಲಿನಲ್ಲಿ ಮಂದಿ ಕೂತಿದ್ದರು, ಅತಿಥಿಗಳು ಬೇಗ ಬಂದರೆಂದು ಆಗಲೇ ಎಲೆ ಹಾಕಿ ಆಗಿತ್ತು. ಅತಿಥಿ ಬರಿಮೈಯಲ್ಲಿ, ಸುಣ್ಣದ ಕೆಸರಿನಲ್ಲಿ, ಗೂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮಾಮಾನ ಮುಖದಲ್ಲಿ ನನಗೆ ಕಂಡದ್ದು ನಾಚಿಕೆ. ಅವನಿಗಾಗಿ ಪಟ್ಟ ನಾಚಿಕೆ.

"ಕೊಡ್ರಿ ಇಲ್ಲಿ" ಅಂದರು. "ನಾ ತೊಳಿತೀನಿ. ಹೊಳ್ಯಾಗ ಬೇಕಾದಷ್ಟ ನೀರ ಐತಿ. ನೀವು ಕೈ ತೊಳಕೊಂಡ ಮ್ಯಾಲೆ ಬರ್ರಿ. ಮಂದಿ ಉಣ್ಣದ ಕುಂತಾರ."

ನಾನು ಗೆಳೆಯನಿಗೆ ಹೇಳಿದೆ. ಅವನು ಒಂದು ಗಳಿಗೆ ಯೋಚಿಸಿ, ಹೇಗೆ ತೊಳೆಯಬೇಕು ಎಂದು ಒಂದೊಂದಾಗಿ ಹೇಳಿದ. ಮೂಗಿನ ಕಡೆಯಿಂದ ಹೊರಗೆ ನೀರು ಹರಿಸಬೇಕು. ಉಜ್ಜಬಾರದು. ತಲೆ ಮೇಲೆತ್ತಿ ಹಿಡಿಯಬೇಕು, ಮೂಗಿಗೆ ನೀರು ಹೋಗಬಾರದು. ಆದ ಮೇಲೆ ನೆರಳಿನಲ್ಲಿ ಇಡಬೇಕು. ಪ್ರತಿಯೊಂದಕ್ಕೂ ಮಾಮಾ "ಹೂಂ" ಅಂದರು. ನಾನು ಪ್ರತಿಯೊಂದನ್ನೂ ಕನ್ನಡದಲ್ಲಿ ಹೇಳಿದೆ, ಅವರ ಹೂಂ ಅನ್ನು ಅವನಿಗೆ ಹೇಳಿದೆ. ಗೆಳೆಯ ಮರಿಯನ್ನು ಅಂಗಿಯ ಸಮೇತ ಅವರ ಕೈಗೆ ಕೊಟ್ಟು, ಇಲ್ಲಿ ಕಲಿತ ಹಾಗೆ, ಕೈ ಮುಗಿದ.

ಮಾಮಾ ಮೆಟ್ಟಿಲು ಇಳಿದರು. ನಾನು ಹಳೆಯ ಜಾಗಕ್ಕೇ ಬಂದು ನಿಂತೆ.

ಮಾಮಾ ಮೊಣಕಾಲಿನ ಮಟ್ಟದ ನೀರಿನಲ್ಲಿ ನಿಂತರು. ಧೋತರದ ಚುಂಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಗಿ ಬಿಡಿಸಿ ಹೆಗಲಿಗೆ ಹಾಕಿಕೊಂಡರು, ಅದು ಅತಿಥಿಯ ಅಂಗಿ, ಒದ್ದೆಯಾಗಬಾರದು ಎಂದು. ಆಮೇಲೆ ಎರಡೂ ಕೈಯಿಂದ ಮರಿಯನ್ನು ನೀರಿನೊಳಗೆ ಇಟ್ಟು ಹಿಡಿದರು. ಪಾತ್ರೆ ತೊಳೆಯುವವರು ಅದ್ದಿ ತೆಗೆಯುತ್ತಾರೆ. ಅವರು ತೆಗೆಯಲಿಲ್ಲ. ಸ್ನಾನಕ್ಕೆ ನಿಂತವರ ಹಾಗೆ ಆಚೆ ದಂಡೆಯ ಕಡೆ ಮುಖ ಮಾಡಿ ನಿಂತರು. ಅವರ ಮುಂಗೈ ಎರಡು ಸಲ ಅಲುಗಿತು. ನೀರು ಮೊದಲು ಬೆಳ್ಳಗಾಗಿ, ಆಮೇಲೆ ತಿಳಿಯಾಯಿತು.

"ಮಾಮಾ" ಎಂದು ಕೂಗಿ ನಾನು ಇಳಿಯತೊಡಗಿದೆ. ಅರ್ಧ ಇಳಿಯುವುದರೊಳಗೆ ಅವರು ಕೈ ಬಿಟ್ಟಿದ್ದರು. ಮರಿ ಮುಳುಗಲಿಲ್ಲ. ತುಪ್ಪಳ ಬಿಚ್ಚಿಕೊಂಡು ನೀರಿನ ಮೇಲೆ ಹರಡಿ, ನಿಧಾನವಾಗಿ ಕೆಳಗಿನ ಸೆಳವಿಗೆ ಹೋಯಿತು.

ಮಾಮಾ ಮೇಲೆ ಬಂದು ನನ್ನ ಪಕ್ಕದಲ್ಲಿ ನಿಂತು ಕೈ ಒರೆಸಿಕೊಂಡರು. "ಒಂದ ಕಣ್ಣಿನ ಗೂಬಿ. ಕಾಗಿ ಕುಕ್ಕಿ ಕುಕ್ಕಿ ಕೊಲ್ಲತಿದ್ವು. ನಾ ಅದಕ ಚಲೋನ ಮಾಡೇನಿ. ನೆಳ್ಳಿಗೆ ಇಟ್ಟಾರ ಅಂತ ಹೇಳ ಅವರಿಗೆ."

"ಹೇಳೂದಿಲ್ರಿ" ಅಂದೆ.

"ನಿನಗ ಪಾವಣೇರ ಕೂಡ ಹೆಂಗ ಇರಬೇಕು ಅನ್ನೂದ ಗೊತ್ತಿಲ್ಲ, ಮಾಸ್ತರ" ಅಂದರು. ಅಂಗಿಯನ್ನು ಜಾಡಿಸಿ ಮಡಚಿ ಕೈಯಲ್ಲಿ ಹಿಡಿದುಕೊಂಡು ಮೇಲೆ ಹೋದರು.

ಪೆಂಡಾಲಿನಲ್ಲಿ ಗೆಳೆಯನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಮಾಮಾ ಅವನಿಗೆ ಅಂಗಿ ಕೊಟ್ಟರು. ತಾವೇ ರುಮಾಲು ಸುತ್ತಿದರು, ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಲಗಿ ಬಾರಿಸಿದರು. ಅವನು ನಗುತ್ತ ನನ್ನ ಕಡೆ ತಿರುಗಿ, ನೆರಳಿನಲ್ಲಿ ಇಟ್ಟಿದ್ದಾರೆಯೇ ಎಂದು ಕೇಳಿದ.

ನಾನು ಬಾಯಿ ತೆರೆಯುವ ಮುಂಚೆ ಅವನ ಹೆಂಡತಿ ಅವನ ಪಕ್ಕಕ್ಕೆ ಬಂದು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಚಿಕ್ಕ ಮಾತು. ಅವರ ಕುತ್ತಿಗೆಯಲ್ಲಿ ದುರ್ಬೀನು ಇತ್ತು. ದಂಡೆಯಗುಂಟ ಮುಂದೆ ಹೋಗಿ ಆಚೆ ಕಡೆ ತಾಯಿಗೂಬೆಯನ್ನು ಹುಡುಕುತ್ತಿದ್ದವರು ಅದನ್ನು ಯಾವಾಗ ಮೆಟ್ಟಿಲಿನ ಕಡೆ ತಿರುಗಿಸಿದರೋ ನಾನು ನೋಡಿರಲಿಲ್ಲ.

ಗೆಳೆಯ ನನ್ನನ್ನು ಕೇಳಿದ: "ನೀನೂ ನೋಡಿದೆಯಾ?"

"ನೋಡಿದೆ."

ಅವನು ಮಾಮಾನನ್ನು ಒಂದು ಪ್ರಶ್ನೆ ಕೇಳು ಎಂದ. "ಆಗುವುದಿಲ್ಲ ಎಂದು ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನೇ ತೊಳೆಯುತ್ತಿದ್ದೆ."

ನಾನು ಕೇಳಿದೆ. ಮಾಮಾ ನಿಜವಾಗಿಯೂ ಯೋಚಿಸಿ ಉತ್ತರ ಕೊಟ್ಟರು. "ಮನಿಗೆ ಬಂದವರ ಮಾರಿ ಮುಂದ ಇಲ್ಲ ಅನ್ನೂದ ಹೆಂಗ? ಅಂಥ ಮನಿತನ ಅಲ್ಲ ನಮ್ಮದು. ಇದನ್ನ ಅವರಿಗೆ ಬಿಡಿಸಿ ಹೇಳಪಾ, ತಪ್ಪ ತಿಳಕೊಂಡಾರು."

ನಾನು ಬಿಡಿಸಿ ಹೇಳಿದೆ. ಗೆಳೆಯ ತೆಂಗಿನಕಾಯಿಯನ್ನು ಕುರ್ಚಿಯ ಕೆಳಗೆ ಇಟ್ಟ. ಶಾಲು ಮಡಚಿ ಕುರ್ಚಿಯ ಮೇಲೆ ಇಟ್ಟ. ರುಮಾಲು ತೆಗೆಯಲು ಹೋದ, ಸುತ್ತು ಬಿಚ್ಚಿಕೊಂಡು ಹೆಗಲ ಮೇಲೆ ಜೋತು ಬಿತ್ತು. ಮಾಮಾ ಕೈ ಜೋಡಿಸಿ ಎಲೆಯ ಕಡೆ ತೋರಿಸಿದರು. "ಊಟಕ್ಕ ಏಳ್ರಿ."

"ಇಲ್ಲ" ಅಂದ ಗೆಳೆಯ. ಕನ್ನಡದಲ್ಲೇ.

ಮಾಮಾ ನನ್ನ ಮುಖ ನೋಡಿದರು. ಅವನಿಗೆ ಆ ಶಬ್ದದ ಅರ್ಥ ಗೊತ್ತಿದೆಯೇ ಎಂಬಂತೆ. ಮತ್ತೆ ಕೇಳಿದರು: "ಒಂದ ತುತ್ತ ಉಣ್ರಿ. ನೀವು ಉಣ್ಣದ ಮಂದಿ ಉಣ್ಣಂಗಿಲ್ಲ."

"ಇಲ್ಲ" ಅಂದ. ಧ್ವನಿ ಏರಿಸಲಿಲ್ಲ.

ಯಾರೂ ಉಣ್ಣಲಿಲ್ಲ. ಅತಿಥಿ ಉಣ್ಣದೆ ಊರು ಉಣ್ಣುವ ಪದ್ಧತಿ ಅಲ್ಲಿಲ್ಲ. ಮಕ್ಕಳು ಎಲೆಯ ಮುಂದೆ ಕೂತು ಹೋಳಿಗೆ ನೋಡುತ್ತಿದ್ದವು, ತಾಯಂದಿರು ಅವುಗಳ ಕೈ ಹಿಡಿದಿದ್ದರು. ಮಾಮಾ ಎಲೆಗಳ ಸಾಲಿನ ತುದಿಯಲ್ಲಿ ಕೈ ಜೋಡಿಸಿಕೊಂಡೇ ನಿಂತಿದ್ದರು. ಎಪ್ಪತ್ತೆಂಟು ವರ್ಷದ ಮನುಷ್ಯ. ನಾನು ಗೆಳೆಯನಿಗೆ ಇದೇನೆಂದು ತಿಳಿಸಿದೆ. ಅವರ ಮಾನ ಹೋಗುತ್ತದೆ, ಮಕ್ಕಳು ಹಸಿದಿವೆ ಎಂದೆ. ಅವನು ಎಲ್ಲವನ್ನೂ ಕೇಳಿದ. ಅರ್ಥವಾಯಿತು ಅಂದ. ಎದ್ದು, ಹೆಂಡತಿಯ ಕೈ ಹಿಡಿದು, ಕಾರಿನ ಕಡೆ ನಡೆದ. ಅವನ ಮುಖದಲ್ಲಿ ಮಾಮಾನಿಗೆ ನೋವಾಗಲಿ ಎಂಬುದಲ್ಲದೆ ಬೇರೆ ಏನೂ ನನಗೆ ಕಾಣಲಿಲ್ಲ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ.

ಕಾರು ಹೊರಟಾಗ ತಿರುಗಿ ನೋಡಿದೆ. ಮಂದಿ ಎಲೆ ಬಿಟ್ಟು ಏಳುತ್ತಿದ್ದರು.

ಮರುದಿನವೇ ಅವರು ಹೊರಟುಹೋದರು. ಚಿಕ್ಕೋಡಿಯ ನನ್ನ ಮನೆಯಲ್ಲಿ ಅವತ್ತು ರಾತ್ರಿ ಉಂಡರು, ನನ್ನ ಹೆಂಡತಿಯ ಅಡಿಗೆಯನ್ನು ಹೊಗಳಿದರು. ಹೊಳೆಯ ಮಾತು ಯಾರೂ ಎತ್ತಲಿಲ್ಲ. ಬೆಳಿಗ್ಗೆ ಬ್ಯಾಗು ಎತ್ತುವಾಗ ಗೆಳೆಯ ಹೇಳಿದ: "ನೀನು ಅವರ ಹೂಂ ಅನ್ನು ನನಗೆ ಸರಿಯಾಗಿ ಹೇಳಿದೆ. ಅದರಲ್ಲಿ ನಿನ್ನ ತಪ್ಪಿಲ್ಲ." ಆಮೇಲೆ ಹೊಸವರ್ಷಕ್ಕೆ ಫೋನ್ ಬಂದದ್ದು ಅವನ ಹೆಂಡತಿಯಿಂದ.

ಮಾಮಾ ಆ ಮೇಲೆ ಎರಡು ವರ್ಷ ಇದ್ದರು. ಬಂದವರ ಮುಂದೆಲ್ಲ ಒಂದೇ ಮಾತು. "ನಾ ಏನ ಕಡಿಮಿ ಮಾಡಿದ್ನಿ? ಅಷ್ಟ ಮಂದ್ಯಾಗ ಇಲ್ಲ ಅಂದ ಹೋದ್ನಲ್ಲ." ಕೊನೆಯ ತಿಂಗಳುಗಳಲ್ಲಿ ಊಟದ ಮುಂದೆ ಕೂತು ಅದನ್ನೇ ಕೇಳಿ, ಅರ್ಧಕ್ಕೆ ಏಳುತ್ತಿದ್ದರಂತೆ. ನಾನು ನೋಡಲು ಹೋದಾಗ ನನ್ನನ್ನೂ ಕೇಳಿದರು. ನಾನು ಮರಿಯ ಹೆಸರು ಎತ್ತಿದೆ. ಅವರಿಗೆ ಅದು ನೆನಪಿತ್ತು. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ ಎಂಬಂತೆ ನನ್ನನ್ನು ನೋಡಿದರು. ಆ ನೋಟದಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅವರ ವರ್ಷದ ತಿಥಿಗೆ ಊರಿನವರು ಗುಡಿಯ ಮುಂದೆಯೇ ಪೆಂಡಾಲು ಹಾಕಿದರು. ಗುಡಿಯ ಸುಣ್ಣ ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿತ್ತು. ಒಬ್ಬರು ಮೈಕು ಹಿಡಿದು ಮಾಮಾನ ಗುಣಗಾನ ಮಾಡಿದರು. ಯಾರಿಗೂ ಇಲ್ಲ ಅನ್ನದ ಕೈ ಎಂದರು. ವಿದೇಶದಿಂದ ಬಂದವರ ಕಣ್ಣೆದುರು, ಸುಣ್ಣ ಬಿದ್ದು ಕುರುಡಾದ ಪಕ್ಷಿಯನ್ನು ತಮ್ಮ ಕೈಯಾರೆ ಕೃಷ್ಣೆಯಲ್ಲಿ ತೊಳೆದು ಹಾರಿಬಿಟ್ಟರು ಎಂದರು. ಹಾರಿದ ಪಕ್ಷಿ ಶಿಖರವನ್ನು ಒಂದು ಸುತ್ತು ಹಾಕಿ ಹೋಯಿತು ಎಂದೂ ಹೇಳಿದರು. ಮಂದಿ ಕಣ್ಣೊರೆಸಿಕೊಂಡರು. ಆವತ್ತು ಅಲ್ಲಿದ್ದವರಲ್ಲಿ ಹೆಚ್ಚಿನವರು ಪೆಂಡಾಲಿನ ಕೆಳಗಿದ್ದರು, ಅಲ್ಲಿಂದ ನೀರು ಕಾಣುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ನೋಡಿಲ್ಲ, ಅಷ್ಟೇ.

ನೋಡಿದವರು ಇವರು. ನಾನು. ಗೆಳೆಯನ ಹೆಂಡತಿ, ಅವರು ತಮ್ಮ ಊರಿನಲ್ಲಿ ಗಂಡನ ಜತೆ ಚೆನ್ನಾಗಿದ್ದಾರೆ, ಈಗಲೂ ಹಕ್ಕಿ ನೋಡಲು ಹೋಗುತ್ತಾರೆ. ಶೇಡಬಾಳದ ಸಾವುಕಾರರು, ಅವರು ಕೂತಿದ್ದ ಕಟ್ಟೆಯಿಂದ ಕೆಳಗಿನ ನೀರು ಪೂರ್ತಿ ಕಾಣುತ್ತದೆ. ದಶಲಕ್ಷಣ ಪರ್ವ ಮುಗಿದು ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ ಅವರು ನನಗೆ ಫೋನ್ ಮಾಡಿ, "ಮಾಸ್ತರ್ರ, ನಾ ಕೇಳಿದ್ದೆ, ಖರೇ, ಆದರ ಒಳಗ ಹೋಗಿ ನಾನ ನೋಡಲಿಲ್ಲ" ಅನ್ನುತ್ತಾರೆ. ನಾನು ಏನು ಹೇಳಿದರೂ ಮರುವರ್ಷ ಮತ್ತೆ ಅದನ್ನೇ ಹೇಳುತ್ತಾರೆ. ಇನ್ನೊಬ್ಬಳು ಮಾಮಾನ ಸೊಸೆ. ನಾಲ್ಕನೆಯ ಕೊಡ ತುಂಬಲೆಂದು ಅವಳು ಆ ಮೆಟ್ಟಿಲಿನಲ್ಲೇ ಇಳಿಯುತ್ತಿದ್ದಳು, ನನಗಿಂತ ಕೆಳಗೆ, ಮಾಮಾನ ಬೆನ್ನ ಹಿಂದೆಯೇ ಇದ್ದಳು. ತಿಥಿಯ ದಿನ ಮೈಕಿನ ಮಾತು ಮುಗಿದ ಮೇಲೆ ಊಟ ಬಡಿಸುತ್ತ ನನ್ನ ಎಲೆಯ ಮುಂದೆ ಬಂದು ನಿಂತಳು. "ನೀವು ಬರೀರಿ ಮಾಸ್ತರ್ರ. ನಾ ನೋಡೀನಿ" ಅಂದು, ಮುಂದಿನ ಎಲೆಗೆ ಹೋದಳು. ಅವಳೂ ಇದ್ದಾಳೆ.